ಗುಡ್ಡದ ಮನೆಯ ತೋಟಕ್ಕೆ ನೀರು ಮುಟ್ಟದಿದ್ದರೆ: ಹೋಸ್ ಪೈಪಿನ ದೋಷ ಹುಡುಕುವ ಬಗೆ

ಕೊಡಗಿನಲ್ಲಿ ಮನೆಯೂ ಹೂದೋಟವೂ ಒಂದೇ ಮಟ್ಟದಲ್ಲಿರುವುದು ಕಡಿಮೆ. ಅಂಗಳದಿಂದ ನಾಲ್ಕು ಮೆಟ್ಟಿಲು ಇಳಿದರೆ ಗುಲಾಬಿ, ಅದರ ಕೆಳಗಿನ ತಿರುವಿನಲ್ಲಿ ತರಕಾರಿ ಮಡಿ, ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಹತ್ತಿದರೆ ಆಂಥೂರಿಯಂ ಕುಂಡಗಳು. ಮಳೆಗಾಲದಲ್ಲಿ ಇವುಗಳಿಗೆ ನೀರಿನ ಯೋಚನೆ ಇಲ್ಲ. ಕಾಫಿ ಕೊಯ್ಲು ಮುಗಿಯುತ್ತಾ ಬಂದಂತೆ, ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬೀಳುವವರೆಗೆ, ಎಲ್ಲದಕ್ಕೂ ಹೋಸ್ ಪೈಪೇ ಗತಿ. ಶೆಡ್ಡಿನಿಂದ ಪೈಪನ್ನು ಹೊರಗೆ ತೆಗೆದು ನಲ್ಲಿಗೆ ಸಿಕ್ಕಿಸಿದಾಗ ತೊಂದರೆ ಶುರುವಾಗುತ್ತದೆ. ತುದಿಯಲ್ಲಿ ನೀರು ಬೆರಳಿನಷ್ಟೂ ದಪ್ಪ ಬರುವುದಿಲ್ಲ, ಬಂದರೂ ನಿಂತು ನಿಂತು ಬರುತ್ತದೆ, ನಡುವೆ ಎಲ್ಲೋ ಸೋರುತ್ತದೆ.

ಆಗ ಹೆಚ್ಚಿನವರು ಪೈಪು ಹಾಳಾಯಿತು ಎಂದು ಪೇಟೆಗೆ ಹೋಗಿ ಹೊಸತು ತರುತ್ತಾರೆ. ಮರುವರ್ಷ ಮತ್ತದೇ ಕತೆ. ನಾನು ನೋಡಿದ ಮಟ್ಟಿಗೆ ಇಂಥ ತೊಂದರೆಗಳ ಮೂಲ ಪೈಪಿನ ಗುಣಮಟ್ಟದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಪೈಪು ಸಾಗುವ ದಾರಿಯಲ್ಲಿ ಮತ್ತು ಅದನ್ನು ಸುತ್ತಿಡುವ ರೀತಿಯಲ್ಲಿ ಇರುತ್ತದೆ. ಆದ್ದರಿಂದ ಹಣ ಬಿಚ್ಚುವ ಮೊದಲು ದೋಷ ಎಲ್ಲಿದೆ ಎಂದು ನೀರಿನ ಮೂಲದಿಂದ ತುದಿಯ ಕಡೆಗೆ ಒಂದೊಂದೇ ಹೆಜ್ಜೆ ಹುಡುಕಿ. ಅದಕ್ಕೆ ಬೇಕಾಗುವುದು ಒಂದು ಬಕೆಟ್, ಸೆಕೆಂಡು ತೋರಿಸುವ ಮೊಬೈಲ್, ಸ್ವಲ್ಪ ಸಾಬೂನಿನ ನೊರೆ.

ಮೊದಲು ಬಕೆಟ್ ಇಡಿ

ಪೈಪನ್ನು ಕಳಚಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಅದರ ಬಾಯಿಗೇ 10 ಲೀಟರಿನ ಬಕೆಟ್ ಹಿಡಿಯಿರಿ. ತುಂಬಲು 30 ಸೆಕೆಂಡು ಹಿಡಿದರೆ ನಿಮಿಷಕ್ಕೆ 20 ಲೀಟರ್ ಎಂದಾಯಿತು. ಈಗ ಪೈಪನ್ನು ಸಿಕ್ಕಿಸಿ, ತೋಟದಲ್ಲಿ ನೀವು ನಿಂತು ನೀರು ಬಿಡುವ ಜಾಗದಲ್ಲೇ ಅದೇ ಬಕೆಟ್ ಇಟ್ಟು ಮತ್ತೆ ಅಳೆಯಿರಿ. ತುದಿಯಲ್ಲಿರುವ ಸ್ಪ್ರೇ ಗನ್ ಅಥವಾ ಮೂತಿಯನ್ನು ಈ ಅಳತೆಯ ಹೊತ್ತಿಗೆ ತೆಗೆದಿಡಬೇಕು.

ನಲ್ಲಿಯಲ್ಲೇ ನೀರು ಸಣ್ಣಗಿದ್ದರೆ ಪೈಪನ್ನು ದೂರಿ ಪ್ರಯೋಜನವಿಲ್ಲ. ಟ್ಯಾಂಕಿನಿಂದ ಹೊರಡುವ ಲೈನ್, ಅರ್ಧ ತೆರೆದ ಗೇಟ್ ವಾಲ್ವ್, ನಲ್ಲಿಯ ಒಳಗಿನ ವಾಷರ್ ಇವುಗಳನ್ನು ನೋಡಿ. ಒರತೆಯಿಂದ ಕಪ್ಪು ಪೈಪಿನಲ್ಲಿ ನೀರು ಇಳಿಸಿಕೊಂಡಿರುವ ಮನೆಗಳಲ್ಲಿ ಒರತೆಯ ಬಾಯಿಯ ಜಾಲರಿಯನ್ನೇ ಮೊದಲು ನೋಡಬೇಕು. ಸಿಲ್ವರ್ ಓಕ್‌ನ ಎಲೆ ಕೊಳೆತು ಅಲ್ಲಿ ಪದರದಂತೆ ಅಂಟಿಕೊಂಡಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಲೈನಿನ ಒಳಮೈಗೆ ಕಿತ್ತಳೆ ಬಣ್ಣದ ಲೋಳೆ ಹಿಡಿಯುತ್ತದೆ. ಬಕೆಟಿನ ತಳದಲ್ಲಿ ಅದೇ ಬಣ್ಣದ ಗಸಿ ಕಂಡರೆ ಅನುಮಾನ ಬೇಡ.

ನಲ್ಲಿಯಲ್ಲಿ ನೀರು ಚೆನ್ನಾಗಿದ್ದು ತುದಿಯಲ್ಲಿ ಮಾತ್ರ ಸಾಲದಾದರೆ ಮುಂದೆ ಓದಿ.

ತುದಿಯಲ್ಲಿ ನೀರು ಸಣ್ಣಗೆ, ಆದರೆ ಒಂದೇ ಸಮನೆ ಬರುತ್ತದೆ

ಒಂದೇ ಸಮನೆ ಬರುವ ಸಣ್ಣ ನೀರಿಗೆ ಮುಖ್ಯ ಕಾರಣ ಎರಡು: ಎತ್ತರ ಸಾಲದು, ಇಲ್ಲವೇ ಪೈಪಿನ ಒಳವ್ಯಾಸ ಸಾಲದು.

ಎತ್ತರದ ಲೆಕ್ಕ ಸುಲಭ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ತಾರಸಿಯ ಮೇಲಿನ ಟ್ಯಾಂಕಿನ ನೀರು ಅಂಗಳದ ನಲ್ಲಿಗಿಂತ 4 ಮೀಟರ್ ಮೇಲಿದ್ದರೆ ಸಿಗುವುದು 0.4 ಮಾತ್ರ. ತೋಟ ಇಳಿಜಾರಿನಲ್ಲಿ ಕೆಳಗಿದ್ದರೆ ಇಳಿದಷ್ಟೂ ಒತ್ತಡ ಕೂಡುತ್ತದೆ. ಬರೆಯ ಮೇಲಿದ್ದರೆ ಹತ್ತಿದಷ್ಟೂ ಕಳೆಯುತ್ತದೆ. ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರುವ ಗಿಡಕ್ಕೆ ಯಾವ ಪೈಪು ತಂದರೂ ಪಂಪಿಲ್ಲದೆ ನೀರು ಹತ್ತುವುದಿಲ್ಲ.

ಆ ಮಟ್ಟ ಎಲ್ಲಿದೆ ಎಂದು ತಿಳಿಯಲು ಉಪಕರಣವೇನೂ ಬೇಡ. ನಲ್ಲಿ ತೆರೆದು, ಪೈಪಿನೊಳಗಿನ ಗಾಳಿಯೆಲ್ಲ ಹೋಗುವವರೆಗೆ ನೀರು ಹರಿಯಲು ಬಿಡಿ. ಬಳಿಕ ಪೈಪಿನ ತುದಿಯನ್ನು ಹಿಡಿದು ಬರೆ ಹತ್ತಿ. ನೀರು ತೆಳುವಾಗುತ್ತಾ ಹೋಗಿ ಒಂದು ಎತ್ತರದಲ್ಲಿ ನಿಂತುಬಿಡುತ್ತದೆ. ಟ್ಯಾಂಕಿನ ನೀರಿನ ಮಟ್ಟ ಅದೇ. ಅಲ್ಲಿ ಒಂದು ಗೂಟ ಹೊಡೆದಿಡಿ. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಬಳಸುವುದೂ ಇದೇ ತತ್ತ್ವದ ಮೇಲೆ. ಗೂಟಕ್ಕಿಂತ ಮೀಟರಿನಷ್ಟಾದರೂ ಕೆಳಗೆ ಇರುವ ಗಿಡಗಳಿಗೆ ಮಾತ್ರ ಈ ನಲ್ಲಿಯಿಂದ ಉಪಯೋಗಕ್ಕೆ ಬರುವಷ್ಟು ನೀರು ಸಿಗುತ್ತದೆ. ಉಳಿದವುಗಳಿಗೆ ಟ್ಯಾಂಕನ್ನು ಎತ್ತರಿಸಬೇಕು ಅಥವಾ ಬೇರೆ ವ್ಯವಸ್ಥೆ ಮಾಡಬೇಕು.

ಇನ್ನು ಒಳವ್ಯಾಸ. ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ, ಏಕೆಂದರೆ ಅರ್ಧ ಇಂಚಿಗೂ ಮುಕ್ಕಾಲು ಇಂಚಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಸಣ್ಣದು. ನೀರಿನ ಮಟ್ಟಿಗೆ ಅದು ಬಹಳ ದೊಡ್ಡದು. ಪೈಪಿನ ಒಳಮೈಗೆ ಉಜ್ಜಿಕೊಂಡು ಹೋಗುವಾಗ ಕಳೆದುಹೋಗುವ ಒತ್ತಡ, ಹರಿವು ಅಷ್ಟೇ ಇದ್ದರೆ, ವ್ಯಾಸದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ, ಅಂದರೆ ವ್ಯಾಸ ಸ್ವಲ್ಪ ಕಿರಿದಾದರೂ ನಷ್ಟ ಹಲವು ಪಟ್ಟು ಏರುತ್ತದೆ. ಅರ್ಧ ಇಂಚಿನ 30 ಮೀಟರ್ ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಹರಿಸಲು ಸುಮಾರು 12 ಮೀಟರ್ ಎತ್ತರದ ಒತ್ತಡ ಖರ್ಚಾಗುತ್ತದೆ. ನಿಮ್ಮಲ್ಲಿ ಇರುವುದೇ 4 ಮೀಟರ್ ಆದರೆ ಸಮತಟ್ಟು ನೆಲದಲ್ಲಿ ತುದಿಗೆ ಬರುವುದು ನಿಮಿಷಕ್ಕೆ ಸುಮಾರು 8 ಲೀಟರ್. ಅದೇ ಜಾಗದಲ್ಲಿ ಮುಕ್ಕಾಲು ಇಂಚಿನ ಪೈಪು ಹಾಕಿದರೆ 20 ಲೀಟರ್ ದಾಟುತ್ತದೆ, ನಲ್ಲಿ ಅಷ್ಟು ಕೊಡುವಂತಿದ್ದರೆ. ಕುಶಾಲನಗರದ ಕಡೆಯ ಸಮತಟ್ಟು ನಿವೇಶನಗಳಲ್ಲಿ ತೋಟ ದೂರವಿದ್ದಾಗ ಕಾಡುವುದು ಹೆಚ್ಚಾಗಿ ಇದೇ ದೋಷ. ಮಡಿಕೇರಿಯ ಇಳಿಜಾರಿನಲ್ಲಿ 15 ಮೀಟರ್ ಕೆಳಗಿರುವ ತೋಟಕ್ಕೆ ಅರ್ಧ ಇಂಚೂ ಸಾಕಾಗುತ್ತದೆ, ಏಕೆಂದರೆ ಇಳಿಜಾರೇ ಒತ್ತಡ ಕೊಡುತ್ತದೆ. ಒಂದೇ ಪೈಪು ಒಬ್ಬರಿಗೆ ಒಳ್ಳೆಯದಾಗಿ ಇನ್ನೊಬ್ಬರಿಗೆ ಕೆಟ್ಟದಾಗುವುದು ಹೀಗೆ.

ಮುಕ್ಕಾಲು ಇಂಚಿನ ಪೈಪಿಗೆ ಅರ್ಧ ಇಂಚಿನ ಕನೆಕ್ಟರ್ ಹಾಕಿದ್ದರೆ ದಪ್ಪ ಪೈಪಿನ ಲಾಭದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ನಡುವೆ ತುಂಡಾಗಿ ಜಾಯಿಂಟರ್ ಹಾಕಿದ ಕಡೆಗಳಲ್ಲೂ ಒಳದಾರಿ ಕಿರಿದಾಗುತ್ತದೆ. ಎರಡು ಮೂರು ಜಾಯಿಂಟ್ ಆದ ಮೇಲೆ ಆ ಪೈಪನ್ನು ಇಡಿಯಾಗಿ ಬಳಸುವುದಕ್ಕಿಂತ ತುಂಡುಗಳನ್ನು ಬೇರೆ ಬೇರೆ ನಲ್ಲಿಗಳಿಗೆ ಹಂಚುವುದು ಲೇಸು.

ಮೊದಲು ಚೆನ್ನಾಗಿ ಬರುತ್ತಿದ್ದ ಪೈಪಿನಲ್ಲಿ ಈಗ ನೀರು ಕಡಿಮೆಯಾಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಪೈಪನ್ನು ತಿರುಗಿಸಿ, ತುದಿಯನ್ನು ನಲ್ಲಿಗೆ ಹಾಕಿ ನೀರು ಬಿಡಿ. ಹರಿವು ಹೆಚ್ಚಿದರೆ ಒಳಗೆ ಕಸ ಸಿಕ್ಕಿಕೊಂಡಿತ್ತು ಎಂದು ಅರ್ಥ, ಹಿಮ್ಮುಖವಾಗಿ ಹರಿದಾಗ ಅದು ಸಡಿಲವಾಗುತ್ತದೆ. ನೂಲಿನ ಪದರವಿರುವ ಪೈಪಿನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ: ಒಳಪದರ ಒಂದೆಡೆ ಬಿಟ್ಟುಕೊಂಡು ನೀರು ಒಂದು ಕಡೆಯಿಂದ ಬಂದಾಗ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆಯಿಂದ ಬಂದಾಗ ಗೋಡೆಗೆ ಒತ್ತಿಕೊಳ್ಳುತ್ತದೆ. ಆ ಭಾಗವನ್ನು ಕತ್ತರಿಸದೆ ದಾರಿಯಿಲ್ಲ.

ಗುಳುಗುಳು ಸದ್ದು, ನಿಂತು ನಿಂತು ಬರುವ ನೀರು

ಇದು ಗಾಳಿಯ ಕೆಲಸ. ಗುಡ್ಡದ ತೋಟಗಳಲ್ಲಿ ಅತಿ ಹೆಚ್ಚು ಕಾಡುವ, ಅತಿ ಕಡಿಮೆ ಜನರಿಗೆ ಗೊತ್ತಿರುವ ದೋಷ ಇದೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೈಪು ನಲ್ಲಿಯಿಂದ ಹೊರಟು ಅಂಗಳದ ಕಟ್ಟೆ ಹತ್ತಿ ಇಳಿಯುತ್ತದೆ, ಮುಂದೆ ಒಂದು ಬೇರಿನ ಮೇಲೆ ಏರುತ್ತದೆ, ಮತ್ತೆ ಚರಂಡಿಗೆ ಇಳಿದು ಇನ್ನೊಂದು ದಿಬ್ಬ ಹತ್ತುತ್ತದೆ. ಪ್ರತಿ ದಿಬ್ಬದ ತಲೆಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ನೀರು ಜೋರಾಗಿ ಹರಿದರೆ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ, ನಿಧಾನವಾಗಿ ಹರಿದರೆ ಗಾಳಿಯನ್ನು ಅಲ್ಲೇ ಬಿಟ್ಟು ಅದರ ಅಡಿಯಿಂದ ಜಿನುಗುತ್ತದೆ. ಇಳಿಯುವ ಭಾಗದಲ್ಲಿ ನೀರಿನ ಬದಲು ಗಾಳಿ ತುಂಬಿದ್ದರೆ, ಆ ಇಳಿಕೆಯಿಂದ ವಾಪಸು ಸಿಗಬೇಕಾದ ಒತ್ತಡ ಸಿಗುವುದಿಲ್ಲ. ಮೀಟರ್ ಎತ್ತರದ ಮೂರು ದಿಬ್ಬಗಳಲ್ಲಿ ಹೀಗಾದರೆ 3 ಮೀಟರಿನಷ್ಟು ಒತ್ತಡ ನಷ್ಟ. ಟ್ಯಾಂಕಿನಿಂದ ಸಿಗುವುದು ಅದಕ್ಕಿಂತ ಕಡಿಮೆಯಿದ್ದರೆ ನೀರು ಪೂರ್ತಿ ನಿಂತೇ ಹೋಗುತ್ತದೆ. ತೋಟ ನಲ್ಲಿಗಿಂತ ಕೆಳಗಿದ್ದೂ ನೀರು ಬಾರದೆ ಜನ ತಬ್ಬಿಬ್ಬಾಗುವುದು ಇಲ್ಲೇ.

ಪರಿಹಾರ: ನಲ್ಲಿಯನ್ನು ಪೂರ್ತಿ ತೆರೆದು, ತುದಿಯನ್ನು ತೋಟದ ಅತಿ ತಗ್ಗಿನ ಜಾಗದಲ್ಲಿ ಬಿಡಿ. ನಲ್ಲಿಯ ಕಡೆಯಿಂದ ಹೊರಟು, ಪೈಪನ್ನು ಭುಜದೆತ್ತರಕ್ಕೆ ಎತ್ತಿ ಕೈಯಿಂದ ಕೈಗೆ ಜಾರಿಸುತ್ತಾ ತುದಿಯವರೆಗೆ ನಡೆಯಿರಿ. ಎತ್ತಿ ಹಿಡಿದ ಜಾಗಕ್ಕೆ ಗಾಳಿ ಸೇರಿಕೊಂಡು ನಿಮ್ಮ ಜತೆಗೇ ಸಾಗುತ್ತದೆ. ತುದಿಯಲ್ಲಿ ಬುಸ್ಸೆಂದು ಉಗುಳಿ ನೀರು ಸರಿಯಾಗುತ್ತದೆ. ದಿನವೂ ಇದನ್ನು ಮಾಡಲು ಬೇಸರವಾದರೆ ದಾರಿಯನ್ನೇ ಬದಲಿಸಿ: ದಿಬ್ಬ ಹತ್ತಿಸುವ ಬದಲು ಅದರ ಬದಿಯಿಂದ ಬಳಸಿ ತನ್ನಿ, ಕಟ್ಟೆಯ ಬುಡದಲ್ಲಿ ಒಂದು ತೂತು ಕೊರೆದು ಪೈಪು ತೂರಿಸಿ. ಎರಡು ಮೀಟರ್ ಪೈಪು ಹೆಚ್ಚು ಬೇಕಾಗಬಹುದು, ಆದರೆ ತೊಂದರೆ ಶಾಶ್ವತವಾಗಿ ಹೋಗುತ್ತದೆ.

ಗಾಳಿ ಒಳಹೋಗುವ ಇನ್ನೊಂದು ದಾರಿ ಗುಟ್ಟಾಗಿದೆ. ಪೈಪು ಮೇಲ್ಭಾಗದಲ್ಲಿ ಸಮವಾಗಿದ್ದು ಮುಂದೆ ಕಡಿದಾಗಿ ಇಳಿಯುತ್ತಿದ್ದರೆ, ಕೆಳಗೆ ಧಾವಿಸುವ ನೀರು ಮೇಲಿನ ಭಾಗವನ್ನು ಹೀರುತ್ತದೆ. ಅಲ್ಲಿರುವ ಸಡಿಲ ಜಾಯಿಂಟಿನಿಂದ ಒಂದು ಹನಿಯೂ ಹೊರಗೆ ಸೋರುವುದಿಲ್ಲ, ಹೊರಗಿನ ಗಾಳಿ ಒಳಗೆ ಹೋಗುತ್ತಿರುತ್ತದೆ. ಒಣಗಿಯೇ ಇರುವುದರಿಂದ ಯಾರಿಗೂ ಅದರ ಮೇಲೆ ಸಂಶಯ ಬಾರದು. ಜಾಯಿಂಟಿನ ಸುತ್ತ ದಪ್ಪ ಸಾಬೂನಿನ ನೊರೆ ಹಚ್ಚಿ ನೋಡಿ. ನೊರೆ ಉಬ್ಬುವ ಬದಲು ಒಳಕ್ಕೆ ಎಳೆದುಕೊಂಡರೆ ಕಳ್ಳ ಸಿಕ್ಕಿದ. ಖಾತ್ರಿ ಮಾಡಿಕೊಳ್ಳಲು ಪೈಪಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಅರ್ಧ ಒತ್ತಿ ಹಿಡಿಯಿರಿ. ಪೈಪು ತುಂಬಿಕೊಂಡು ಗುಳುಗುಳು ನಿಂತರೆ ದೋಷ ಅದೇ. ಕೆಳತುದಿಗೆ ಒಂದು ಬಾಲ್ ವಾಲ್ವ್ ಹಾಕಿ ನೀರನ್ನು ಅಲ್ಲಿ ಹದ ಮಾಡಿಕೊಳ್ಳಿ, ಮೇಲಿನ ನಲ್ಲಿಯನ್ನು ಪೂರ್ತಿ ತೆರೆದೇ ಇಡಿ.

ಪೈಪು ಚಪ್ಪಟೆಯಾಗುತ್ತದೆ, ಅಥವಾ ಕಿತ್ತುಕೊಂಡು ಬರುತ್ತದೆ

ಮೇಲಿನ ನಲ್ಲಿಯನ್ನು ಅರ್ಧ ತೆರೆದು, ಕೆಳತುದಿಯನ್ನು ಪೂರ್ತಿ ಬಿಟ್ಟಾಗ ತೆಳು ಪೈಪು ಹೀರುವಿಕೆಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದ ಪೈಪಿನಲ್ಲಿ ಇದು ಬೇಗ. ಮೇಲೆ ಹೇಳಿದ ಕೆಳತುದಿಯ ವಾಲ್ವೇ ಇದಕ್ಕೂ ಮದ್ದು. ಆದರೆ ಕೆಳಗೆ ವಾಲ್ವ್ ಮುಚ್ಚಿದಾಗ ಪೈಪಿನೊಳಗೆ ಇಡೀ ಇಳಿಜಾರಿನ ಒತ್ತಡ ನಿಲ್ಲುತ್ತದೆ: ಟ್ಯಾಂಕಿನ ನೀರಿನಿಂದ ತೋಟಕ್ಕೆ 30 ಮೀಟರ್ ಇಳಿಕೆಯಿದ್ದರೆ ಚದರ ಸೆಂಟಿಮೀಟರಿಗೆ 3 ಕಿಲೋ. ನೂಲಿನ ಪದರವಿಲ್ಲದ ಅಗ್ಗದ ಪೈಪು ಬಿಸಿಲಲ್ಲಿ ಅದನ್ನು ತಾಳದೆ ಉಬ್ಬುತ್ತದೆ, ನಿಪ್ಪಲ್‌ನಿಂದ ಜಾರಿ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಬಿಸಿಯಾದಂತೆ ಅದರ ತಾಳಿಕೆ ಇಳಿಯುತ್ತದೆ. ಆದ್ದರಿಂದ ನೀರು ಹಾಯಿಸಿ ಮುಗಿದ ಮೇಲೆ ಮೇಲಿನ ನಲ್ಲಿಯನ್ನು ನಿಲ್ಲಿಸಿ, ಕೆಳಗಿನ ವಾಲ್ವನ್ನು ತೆರೆದು ಪೈಪು ಖಾಲಿ ಮಾಡಿ. ಸ್ಪ್ರೇ ಗನ್ನಿನ ಗುಂಡಿ ಬಿಟ್ಟು ಹಾಗೇ ಮನೆಗೆ ಬರುವ ಅಭ್ಯಾಸ ಗುಡ್ಡದ ತೋಟಕ್ಕೆ ಆಗದು.

ಪಂಪಿನ ಹೀರುವ ಕಡೆಗೆ ತೋಟದ ಪೈಪು ಹಾಕಬೇಡಿ. ಅದಕ್ಕೆ ಸುರುಳಿ ಬಲವಿರುವ ಸಕ್ಷನ್ ಪೈಪೇ ಬೇಕು.

ಮಡಿಕೆ, ತಿರುಚು

ನಲ್ಲಿಯ ಬಾಯಿಯಲ್ಲೇ ಪೈಪು ಮಡಿಚಿಕೊಳ್ಳುತ್ತಿದ್ದರೆ ಅದು ಭಾರದ ತೊಂದರೆ. ಮುಕ್ಕಾಲು ಇಂಚಿನ ಪೈಪು 30 ಮೀಟರಿಗೆ ಸುಮಾರು 8.5 ಲೀಟರ್ ನೀರು ಹಿಡಿಯುತ್ತದೆ. ಪೈಪಿನ ಸ್ವಂತ ತೂಕದ ಮೇಲೆ ಇನ್ನೂ 8.5 ಕಿಲೋ. ಇಳಿಜಾರಿಗೆ ಬಿಟ್ಟ ಪೈಪು ನಲ್ಲಿಯನ್ನು ಜಗ್ಗುತ್ತಾ ಬಾಯಲ್ಲೇ ಮುರಿಯುತ್ತದೆ. ನಲ್ಲಿಗೆ ಕೆಳಮುಖದ ಬೆಂಡ್ ಹಾಕಿ, ಪೈಪನ್ನು ಮೀಟರ್ ದೂರದಲ್ಲಿ ಒಂದು ಗೂಟಕ್ಕೆ ಅಗಲವಾದ ಬಟ್ಟೆಪಟ್ಟಿಯಿಂದ ಕಟ್ಟಿದರೆ ಭಾರ ಗೂಟಕ್ಕೆ ಹೋಗುತ್ತದೆ. ತಂತಿಯಿಂದ ಕಟ್ಟಬಾರದು, ಅದು ಪೈಪನ್ನು ಕೊಯ್ಯುತ್ತದೆ.

ನಡುವೆ ಅಲ್ಲಲ್ಲಿ ಮಡಿಚಿಕೊಳ್ಳುವುದಕ್ಕೆ ಕಾರಣ ಬೇರೆ. ನೆಲದ ಮೇಲೆ ಸುರುಳಿಯಾಗಿ ಬಿದ್ದಿರುವ ಪೈಪಿನ ತುದಿ ಹಿಡಿದು ಎಳೆದಾಗ ಪ್ರತಿ ಸುತ್ತಿಗೂ ಒಂದು ಪೂರ್ಣ ತಿರುಚು ಪೈಪಿನ ಮೈಗೆ ಸೇರುತ್ತದೆ. 30 ಮೀಟರಿನ ಪೈಪು ಹದಿನೈದು ಸುತ್ತಾಗಿದ್ದರೆ ಹದಿನೈದು ತಿರುಚು. ನೀರು ಬಿಟ್ಟಾಗ ಆ ತಿರುಚೆಲ್ಲ ಒಂದೆಡೆ ಸೇರಿ ಪೈಪು ಗಂಟು ಹಾಕಿಕೊಂಡು ಮುರಿಯುತ್ತದೆ. ಬೇಸರದಿಂದ ಜಗ್ಗಿದರೆ ಮಡಿಕೆ ಬಿಗಿಯಾಗುತ್ತದೆ, ಅದೇ ಜಾಗದಲ್ಲಿ ಮುಂದೆ ಸದಾ ಮಡಿಕೆ. ಮೇಲ್ಮೈ ನೋಡಿದರೆ ತಿಳಿಯುತ್ತದೆ: ಪೈಪಿನ ಉದ್ದಕ್ಕೂ ಅಚ್ಚೊತ್ತಿರುವ ಗೆರೆ ನೇರವಾಗಿ ಓಡಬೇಕು. ಅದು ಹಗ್ಗದ ಎಳೆಯ ಹಾಗೆ ಸುತ್ತಿಕೊಂಡು ಓಡುತ್ತಿದ್ದರೆ ತಿರುಚು ಸೇರಿದೆ.

ತಿರುಚು ಬಿಡಿಸಲು ನಲ್ಲಿಯಿಂದ ಪೈಪನ್ನು ಕಳಚಿ, ಇಳಿಜಾರಿನಲ್ಲಿ ಉದ್ದಕ್ಕೆ ಹಾಸಿ, ಎರಡೂ ತುದಿ ಸ್ವತಂತ್ರವಾಗಿ ತಿರುಗುವಂತೆ ಬಿಟ್ಟು ಮೇಲಿನ ತುದಿ ಹಿಡಿದು ನಿಧಾನವಾಗಿ ಎಳೆಯುತ್ತಾ ಬನ್ನಿ. ಬೆಳಗಿನ ಚಳಿಯಲ್ಲಿ ಇದನ್ನು ಮಾಡಬೇಡಿ. ಮಡಿಕೇರಿಯ ಜನವರಿಯ ಮುಂಜಾವಿನಲ್ಲಿ ಪೈಪು ಕೋಲಿನಂತೆ ಸೆಟೆದಿರುತ್ತದೆ. ಒಂದು ಗಂಟೆ ಬಿಸಿಲು ತಾಗಿದ ಮೇಲೆ ಮಾತು ಕೇಳುತ್ತದೆ.

ಮತ್ತೆ ಸೇರದಂತೆ ತಡೆಯಲು ಸುತ್ತುವ ರೀತಿ ಬದಲಿಸಬೇಕು. ಅತಿ ಸುಲಭದ್ದು 8ರ ಆಕಾರ. ನೆಲದ ಮೇಲೆ ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಪೈಪನ್ನು ಒಂದರ ಬಲಕ್ಕೆ, ಇನ್ನೊಂದರ ಎಡಕ್ಕೆ ಹಾಯಿಸುತ್ತಾ 8ರ ಮೇಲೆ 8 ಬರುವಂತೆ ಜೋಡಿಸಿ. ಒಂದು ಅರ್ಧದಲ್ಲಿ ಸೇರುವ ತಿರುಚು ಇನ್ನೊಂದು ಅರ್ಧದಲ್ಲಿ ಕಳೆದುಹೋಗುತ್ತದೆ. ಮರುದಿನ ತುದಿ ಹಿಡಿದು ನೇರವಾಗಿ ಎಳೆದುಕೊಂಡು ಇಳಿಜಾರು ಇಳಿದರೆ ಪೈಪು ಎಲ್ಲೂ ಸಿಕ್ಕಿಕೊಳ್ಳದೆ ಹಿಂದೆ ಬರುತ್ತದೆ. ಗೋಡೆಗೆ ಹಾಕಿದ ತಿರುಗುವ ರೀಲ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಪೈಪು ಉರುಳಿಕೊಂಡು ಬರುತ್ತದೆ, ತಿರುಚಿಕೊಂಡು ಬರುವುದಿಲ್ಲ.

ಸೋರಿಕೆ

ನಲ್ಲಿಯ ಜಾಯಿಂಟಿನಲ್ಲಿ ಸೋರಿದರೆ ಮೊದಲು ರಬ್ಬರ್ ವಾಷರ್ ನೋಡಿ. ಗಟ್ಟಿಯಾಗಿ, ಅಂಚು ಬಿರಿದಿದ್ದರೆ ಬದಲಿಸಿ. ಟೆಫ್ಲಾನ್ ಟೇಪು ತಿರುಪಿನ ಮರೆಗೆ (ಥ್ರೆಡ್) ಸುತ್ತುವುದಕ್ಕೆ, ಸವೆದ ವಾಷರಿಗೆ ಅದು ಬದಲಿಯಲ್ಲ. ಕ್ಲಿಪ್ಪು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಸಾಮಾನ್ಯ ಕಬ್ಬಿಣದ್ದು ಕೊಡಗಿನ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಸ್ಕ್ರೂ ತಿರುಗದಂತಾಗುತ್ತದೆ.

ಮೈಯಲ್ಲಿ ತೂತಾಗಿದ್ದರೆ ತೂತಿನ ರೂಪ ನೋಡಿ ಕಾರಣ ಹೇಳಬಹುದು. ಒಂದೇ ಸೂಜಿತೂತು ಮುಳ್ಳಿನದು. ಹಾಲುವಾಣದ ಕೊಂಬೆ ಬಿದ್ದ ದಾರಿಯಲ್ಲಿ ಪೈಪು ಎಳೆದಿರುತ್ತೀರಿ. ಅಕ್ಕಪಕ್ಕ ಜೋಡಿಯಾಗಿ ಕೆರೆದ ಗುರುತುಗಳಿದ್ದರೆ ಇಲಿ ಅಥವಾ ಅಳಿಲು, ಇನ್ನೂ ಅಗಲವಾಗಿ ಕಚ್ಚಿ ತೆಗೆದಿದ್ದರೆ ಮುಳ್ಳುಹಂದಿಯೂ ಇರಬಹುದು. ಉದ್ದಕ್ಕೆ ಸೀಳು ಬಿಟ್ಟು, ಸುತ್ತಲಿನ ಪ್ಲಾಸ್ಟಿಕ್ಕು ಬಿರುಸಾಗಿ ಬಿಳಿಚಿದ್ದರೆ ಬಿಸಿಲಿಗೆ ಸತ್ತ ಪೈಪು ಅದು. ಮೊದಲಿನ ಎರಡನ್ನು ಕತ್ತರಿಸಿ ಜೋಡಿಸಬಹುದು, ಮೂರನೆಯದಕ್ಕೆ ಜೋಡಣೆ ದಂಡ; ಇಂದು ಇಲ್ಲಿ ಸರಿ ಮಾಡಿದರೆ ನಾಳೆ ಪಕ್ಕದಲ್ಲಿ ಸೀಳುತ್ತದೆ.

ಜೋಡಿಸುವಾಗ ತುದಿಯನ್ನು ನೇರವಾಗಿ ಕತ್ತರಿಸಿ, ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಜಾಯಿಂಟರನ್ನು ಬುಡದವರೆಗೆ ತಳ್ಳಿ. ಬೆಂಕಿಗೆ ಹಿಡಿದರೆ ಪೈಪಿನ ಗೋಡೆ ತೆಳುವಾಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಗಿದು ಸುತ್ತುವುದು ಕಡಿಮೆ ಒತ್ತಡದ ಪೈಪಿಗೆ ಒಳ್ಳೆಯ ತಾತ್ಕಾಲಿಕ ಉಪಾಯ, ಆ ಬೇಸಿಗೆ ಕಳೆಯಲು ಸಾಕು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಬರೆಯ ಮೇಲೆ ಹಾದುಹೋಗುವ ಪೈಪಿನ ಸೋರಿಕೆಯನ್ನು ಒಂದು ದಿನವೂ ಹಾಗೇ ಬಿಡಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಹೇಗೆ ಜಾರಿದವು ಎಂದು ಕಂಡವರಿಗೆ, ನೀರು ಕುಡಿದ ಮಣ್ಣು ಎಷ್ಟು ಭಾರ, ಎಷ್ಟು ಸಡಿಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದು ಅತಿವೃಷ್ಟಿಯ ಅನಾಹುತ, ಹೋಸ್ ಪೈಪಿನ ಸೋರಿಕೆ ಅದಕ್ಕೆ ಸಮನಲ್ಲ. ಆದರೂ ಮನೆ ಕಟ್ಟಲು ಕಡಿದ ಬರೆಯ ತಲೆಗೆ ತಿಂಗಳುಗಟ್ಟಲೆ ನೀರು ಇಳಿಯುತ್ತಿದ್ದರೆ ಮೊದಲ ಮಳೆಗೆ ಆ ಜಾಗವೇ ಮೊದಲು ಕುಸಿಯುತ್ತದೆ. ಬೇಸಿಗೆಯಲ್ಲಿ ಬರೆಯ ಮೇಲೆ ಒಂದೆಡೆ ಮಾತ್ರ ಹುಲ್ಲು ಹಸಿರಾಗಿ ಜರಿಗಿಡ ಚಿಗುರಿದ್ದರೆ ಅಲ್ಲಿ ಅಗೆದು ನೋಡಿ.

ನೀರೇ ಇಲ್ಲ, ಮೂತಿ ಕಟ್ಟಿದೆ

ಶೆಡ್ಡಿನಲ್ಲಿ ತುದಿ ತೆರೆದಿಟ್ಟ ಪೈಪಿನಲ್ಲಿ ಇದು ಸಾಮಾನ್ಯ. ಬಾಯಿಯೊಳಗೆ ಬೆರಳು ಹಾಕಿದರೆ ಕೆಂಪು ಮಣ್ಣಿನ ಬಿರಡೆ ತಾಗುತ್ತದೆ, ನುಣುಪಾಗಿ, ಒಣಗಿ ಕಲ್ಲಾಗಿ. ಕುಂಬಾರ ಹುಳು ಕಟ್ಟಿದ ಗೂಡು ಅದು. ಒಡೆದು ನೋಡಿದರೆ ಮರಿಯ ಊಟಕ್ಕೆಂದು ತುಂಬಿಟ್ಟ ಸಣ್ಣ ಜೇಡಗಳೋ ಹಸಿರು ಹುಳುಗಳೋ ಉದುರುತ್ತವೆ. ತಂತಿಯಿಂದ ತಿವಿದು ಒಳಕ್ಕೆ ತಳ್ಳಬೇಡಿ. ತುದಿಯನ್ನು ನೀರಿನಲ್ಲಿ ನೆನೆಹಾಕಿ ಮಣ್ಣು ಮೆತ್ತಗಾದ ಮೇಲೆ ಆ ಕಡೆಯನ್ನು ಹೊರಬಾಯಿಯಾಗಿ ಮಾಡಿ ನೀರು ಬಿಡಿ. ಸ್ಪ್ರೇ ಗನ್ನಿನ ಜಾಲರಿ, ತೂತುಗಳಲ್ಲಿ ಬಿಳಿ ಕರೆ ಕಟ್ಟಿದ್ದರೆ ವಿನಿಗರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸರಿಯಾಗುತ್ತದೆ.

ಹಿಂದಕ್ಕೆ ಹೀರುವ ಪೈಪು

ಇದು ಕಣ್ಣಿಗೆ ಕಾಣದ ದೋಷ, ಅಪಾಯದ್ದು. ಕಾಫಿಗೂ ಮೆಣಸಿಗೂ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ಹೋಸ್ ಪೈಪಿನ ತುದಿಯನ್ನು ಡ್ರಮ್ಮಿನೊಳಗೆ ಮುಳುಗಿಸಿ ನೀರು ಬಿಡುವುದು ಹಲವರ ರೂಢಿ. ಆ ಹೊತ್ತಿಗೆ ಲೈನಿನಲ್ಲಿ ನೀರು ನಿಂತು, ಕೆಳಗಿನ ಮನೆಯಲ್ಲಿ ಯಾರೋ ನಲ್ಲಿ ತೆರೆದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹಿಂದಕ್ಕೆ ಹೀರಿಕೊಂಡು ಕುಡಿಯುವ ನೀರಿನ ಲೈನಿಗೇ ಬರಬಹುದು. ಪೈಪಿನ ತುದಿ ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲೆ ನಿಲ್ಲುವಂತೆ ಕಟ್ಟಿ. ಔಷಧಿ ಕೆಲಸಕ್ಕೆ ಬಳಸಿದ ಪೈಪನ್ನು ತರಕಾರಿ ಮಡಿಗೆ ತರಬೇಡಿ, ತುದಿಗೆ ಬಣ್ಣ ಬಳಿದು ಬೇರೆಯೇ ಇಡಿ. ತೋಟದ ಪೈಪಿನ ನೀರನ್ನು ಮಕ್ಕಳಿಗೆ ಕುಡಿಯಲು ಕೊಡುವುದೂ ಬೇಡ.

ಹೊಸತು ತರಲೇಬೇಕಾದರೆ

ತೋಟದ ದಾರಿಯ ಮೇಲೆ ಹಗ್ಗ ಹಾಸಿ ಅಳೆಯಿರಿ, ಕಟ್ಟೆ ಬಳಸಿ, ಮೆಟ್ಟಿಲು ಇಳಿದು, ಪೈಪು ಹೋಗುವ ಹಾಗೆಯೇ. ಅದಕ್ಕೆ ಎರಡು ಮೂರು ಮೀಟರ್ ಸೇರಿಸಿ. ಮೊತ್ತ 30 ಮೀಟರ್ ದಾಟಿದರೆ ನನ್ನ ಸಲಹೆ ಬೇರೆ: ಉದ್ದದ ಹೋಸ್ ಪೈಪಿನ ಆಸೆ ಬಿಡಿ. ಒಂದು ಇಂಚಿನ ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಮಣ್ಣಿನಡಿ ಹೂತು ಪ್ರತಿ ಹಂತದ ತೋಟಕ್ಕೂ ಒಂದೊಂದು ನಲ್ಲಿ ಕೊಡಿ. ಅಲ್ಲಿಂದ 10 ಅಥವಾ 15 ಮೀಟರಿನ ಹೋಸ್ ಸಾಕು. ಒತ್ತಡ ಉಳಿಯುತ್ತದೆ, ಎಳೆದಾಡುವ ಭಾರ ತಪ್ಪುತ್ತದೆ, ಕಾಫಿ ಗಿಡದ ಮೊಂಡು ಕೊಂಬೆಗೆ ಸಿಕ್ಕಿ ಹರಿಯುವುದೂ ಇಲ್ಲ. ವಯಸ್ಸಾದವರು ನೀರು ಹಾಕುವ ಮನೆಗಳಲ್ಲಂತೂ ಇದನ್ನೇ ಮಾಡಬೇಕು; ನೀರು ತುಂಬಿದ ಪೈಪನ್ನು ಬರೆಯ ಮೇಲಕ್ಕೆ ಎಳೆಯುವುದು ಅವರ ಕೆಲಸವಲ್ಲ.

ಅಂಗಡಿಯಲ್ಲಿ ಹೊರಗಿನ ದಪ್ಪಕ್ಕೆ ಮರುಳಾಗದೆ ಕತ್ತರಿಸಿದ ಬಾಯಿಯ ಒಳವ್ಯಾಸ ಅಳೆಯಿರಿ: ಅರ್ಧ ಇಂಚಿಗೆ 12.5 ಮಿಲಿಮೀಟರ್, ಮುಕ್ಕಾಲಿಗೆ 19. ಗೋಡೆಯೊಳಗೆ ನೂಲಿನ ಬಲೆ ಕಾಣಬೇಕು. ಒಂದು ಗೇಣು ಅಗಲದ ಬಳೆಯಾಗಿ ಬಗ್ಗಿಸಿ ನೋಡಿ, ಮುರಿಯದೆ ದುಂಡಗೆ ನಿಂತರೆ ಒಳ್ಳೆಯದು. ಮಡಿಚಿದ ಜಾಗದಲ್ಲಿ ಬಿಳಿ ಗೆರೆ ಮೂಡಿದರೆ ಪ್ಲಾಸ್ಟಿಕ್ಕಿಗಿಂತ ಪುಡಿ ಬೆರಕೆಯೇ ಹೆಚ್ಚು, ಬೇಡ. ಪಾರದರ್ಶಕ ಪೈಪು ನೋಡಲು ಚೆಂದ, ಆದರೆ ಬೆಳಕು ಒಳಹೋಗಿ ಪಾಚಿ ಬೆಳೆಯುತ್ತದೆ. ಬೆಳಕು ಬಿಡದ ಕಪ್ಪು ಅಥವಾ ಗಾಢ ಬಣ್ಣದ್ದನ್ನು ಆರಿಸಿ.

ಮಳೆಗಾಲಕ್ಕೆ ಎತ್ತಿಡುವುದು

ಜೂನಿನಿಂದ ಸೆಪ್ಟೆಂಬರಿನವರೆಗೆ ಪೈಪಿಗೆ ರಜೆ. ಅದನ್ನು ಅಂಗಳದ ಮೂಲೆಯ ಹುಲ್ಲಿನಲ್ಲಿ ಬಿಡುವುದೆಂದರೆ ಹಾವಿಗೂ ಚೇಳಿಗೂ ಮನೆ ಕಟ್ಟಿಕೊಟ್ಟಂತೆ. ಬೇಸಿಗೆಯಲ್ಲೂ ಸುರುಳಿಯನ್ನು ಬರಿಗೈಯಿಂದ ಎತ್ತುವ ಮೊದಲು ಕೋಲಿನಿಂದ ಒಮ್ಮೆ ಸರಿಸಿ ನೋಡಬೇಕು.

ಮೇ ಕೊನೆಯ ಬಿಸಿಲಿನ ದಿನ ಪೈಪನ್ನು ಇಳಿಜಾರಿನಲ್ಲಿ ಹಾಸಿ ನೀರೆಲ್ಲ ಇಳಿಸಿ. ಒಳಗೆ ನೀರು ನಿಂತರೆ ಲೋಳೆ ಕಟ್ಟುತ್ತದೆ. ಪೂರ್ತಿ ಬಸಿದ ಮೇಲೆ ಎರಡು ತುದಿಗಳಿಗೂ ತೆಳು ಬಟ್ಟೆ ಕಟ್ಟಿ. ಗಾಳಿ ಆಡುತ್ತದೆ, ಹುಳು ಒಳಹೋಗುವುದಿಲ್ಲ. ವಾಷರು, ಸ್ಪ್ರೇ ಗನ್ನು, ಕ್ಲಿಪ್ಪುಗಳನ್ನು ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಡಿ. ಮೊಳೆಗೆ ನೇತುಹಾಕಿದರೆ ಇಡೀ ಭಾರ ಒಂದೇ ಬಿಂದುವಿನ ಮೇಲೆ ಬಿದ್ದು ಅಲ್ಲೇ ಶಾಶ್ವತ ಮಡಿಕೆಯಾಗುತ್ತದೆ. ಹಳೆಯ ಕಾರಿನ ಚಕ್ರದ ರಿಮ್ಮನ್ನು ಶೆಡ್ಡಿನ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದರೆ ಅದರ ದುಂಡು ಪೈಪಿಗೆ ಸರಿಯಾಗಿ ಹೊಂದುತ್ತದೆ, ತುಕ್ಕು ತಾಗದಂತೆ ಒಂದು ಕೋಟ್ ಬಣ್ಣ ಹೊಡೆಯಬೇಕು ಅಷ್ಟೆ. ಅಡುಗೆಮನೆಯ ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ, ಒಣಗಿದೆ ಎಂದು ಅಲ್ಲಿ ಇಡುವವರಿದ್ದಾರೆ. ಆ ಕಾವಿಗೆ ಪ್ಲಾಸ್ಟಿಕ್ಕಿನ ಮೆದುತನ ಹೋಗಿ ಪೈಪು ಬಿರುಸಾಗುತ್ತದೆ. ಗೊಬ್ಬರ, ಸೀಮೆಎಣ್ಣೆ, ಪೆಟ್ರೋಲಿನ ಪಕ್ಕದಲ್ಲೂ ಇಡಬಾರದು. ಭತ್ತ, ಕಾಫಿ ಇರುವ ಕೋಣೆಯಾದರೆ ಇಲಿ ಬಂದೇ ಬರುತ್ತದೆ. ಅಲ್ಲಿ ಗೋಡೆಯ ಎತ್ತರದಲ್ಲಿ, ನೆಲದಿಂದ ಹತ್ತಲು ಆಸರೆ ಸಿಗದ ಕಡೆ ತೂಗುಹಾಕಿ.

ಕಡೆಗೆ ಪೂರ್ತಿ ಸತ್ತ ಪೈಪಿದ್ದರೆ ಗೇಣುದ್ದ ತುಂಡು ಮಾಡಿ ಸೀಳಿ, ಗಿಡ ಕಟ್ಟುವ ತಂತಿಗೆ ಹೊದಿಸಲು, ಕಟ್ಟೆಯ ಚೂಪು ಅಂಚಿಗೆ ಹೊಸ ಪೈಪು ಉಜ್ಜದಂತೆ ಹಾಸಲು ಬಳಸಿ. ಉಳಿದದ್ದನ್ನು ಗುಜರಿಗೆ ಕೊಡಿ. ಬಚ್ಚಲ ಹಂಡೆಯ ಒಲೆಗೆ ಮಾತ್ರ ಹಾಕಬೇಡಿ. ಇಂಥ ಪೈಪುಗಳ ಪ್ಲಾಸ್ಟಿಕ್ಕು ಸಾಮಾನ್ಯವಾಗಿ ಪಿವಿಸಿ; ಅದು ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ.